ಗೂಗಲ್‌ನಲ್ಲಿ ಸಿಕ್ಕ ನಂಬರು

ಚನ್ನಗಿರಿಯ ತೋಟಕ್ಕೆಂದು ಆನ್‌ಲೈನಿನಲ್ಲಿ ತರಿಸಿದ ಮೋಟಾರು ಕೆಟ್ಟದ್ದೇ ಬಂದಿದೆ. ಕಂಪನಿಯ ವೆಬ್‌ಸೈಟಿನಲ್ಲಿ ಚಕ್ರ ಸುತ್ತುತ್ತಲೇ ಇದೆ. ನಾವು ಎಡವುವುದು ಆಗಲೇ: ಗೂಗಲ್‌ನಲ್ಲಿ ಮೊದಲು ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿಬಿಡುತ್ತೇವೆ. ಅಲ್ಲಿ ನಯವಾಗಿ ಮಾತಾಡುವವನೇ ಕಳ್ಳನಿರಬಹುದು. (ಅಸಲಿ ಕಂಪನಿಯವರು ಅಷ್ಟು ಬೇಗ ಫೋನ್ ಎತ್ತುವುದುಂಟೇ!) ಬಿಲ್ಲಿನ ಮೇಲಿರುವ, ಇಲ್ಲವೇ ಆ್ಯಪಿನೊಳಗಿನ ನಂಬರನ್ನಷ್ಟೇ ನಂಬಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಇನ್ನು ಕೆಟ್ಟ ಮೋಟಾರಿನ ಮಾತು. 2020ರ ನಿಯಮದಂತೆ ಆನ್‌ಲೈನ್ ಅಂಗಡಿಯವರು ದೂರು ತಲುಪಿತೆಂದು 48 ಗಂಟೆಯೊಳಗೆ ಹೇಳಬೇಕು, ತಿಂಗಳೊಳಗೆ ಬಗೆಹರಿಸಬೇಕು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಹೇಳಿ. ಆಮೇಲೂ ಆಗಲಿಲ್ಲವೆನ್ನಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರು ಕಂಪನಿಯ ಊರಿಗೆ ಅಲೆಯಬೇಕಿಲ್ಲ; ದಾವಣಗೆರೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.