ಮದ್ದಿನಮನೆ ಸರಿಯಿತು, ಮೀಟರ್ ಗೇಜ್ ಹೋಯಿತು

ಬೆಂಗಳೂರು–ಮೈಸೂರು ರೈಲಿನಲ್ಲಿ ನಮ್ಮಲ್ಲಿ ಎಷ್ಟೋ ಜನ ತಿಂಗಳಿಗೆರಡು ಸಲ ಓಡಾಡ್ತೀವಿ. ಶ್ರೀರಂಗಪಟ್ಟಣದಲ್ಲಿ ರೈಲು ಕೋಟೆಯೊಳಗಿಂದಲೇ ಹಾದುಹೋಗುತ್ತೆ ಅನ್ನೋದೂ ಗೊತ್ತು. ಆದ್ರೆ ಈ ಮಾರ್ಗದ ಎರಡನೇ ಹಳಿಗೆ ಜಾಗ ಬಿಡಲು ಸುಮಾರು 1000 ಟನ್ ತೂಕದ ಹಳೇ ಕಟ್ಟಡವೊಂದು ಇಡಿಯಾಗಿ ಪಕ್ಕಕ್ಕೆ ಸರಿದಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸಂಘದ ರೈಲು ಹುಚ್ಚಿನವರೆಲ್ಲ ಸೇರಿ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಒಂದು ಸುತ್ತು ಹಾಕಿ ಬಂದೆವು. ನೋಡಿದ್ದು, ಓದಿದ್ದು, ಲೆಕ್ಕ ಹಾಕಿದ್ದು ಇಲ್ಲಿದೆ.

ಬರಗಾಲದಲ್ಲಿ ಹುಟ್ಟಿದ ಹಳಿ

ಮೈಸೂರು ಸಂಸ್ಥಾನದಲ್ಲಿ 1876–78ರ ಭೀಕರ ಬರ ಬಿದ್ದಾಗ, ಜನರಿಗೆ ಕೂಲಿ ಸಿಗಲಿ ಅಂತ ಆರಂಭವಾದ ಕಾಮಗಾರಿಗಳಲ್ಲಿ ಈ ರೈಲುಮಾರ್ಗವೂ ಒಂದು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಆಗ ಹಾಕಿದ್ದು ಮೀಟರ್ ಗೇಜ್, ಅಂದ್ರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಪಾಂಡವಪುರ ನಿಲ್ದಾಣದ ಹೆಸರು ಆಗ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆ ಮೇಲೆ ಹೋಗುವ ಮೈಸೂರು–ಅರಸೀಕೆರೆ ಮಾರ್ಗವೂ ಮೊದಲು ಮೀಟರ್ ಗೇಜೇ.

ಇನ್ನೂ ಸಣ್ಣ ಹಳಿಯೂ ನಮ್ಮಲ್ಲಿತ್ತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ 762 ಮಿ.ಮೀ. ನ್ಯಾರೋ ಗೇಜ್ ರೈಲು ಓಡುತ್ತಿತ್ತು.

ಸಣ್ಣ ಗೇಜ್ ಯಾಕೆ, ಆಮೇಲೆ ಯಾಕೆ ಬೇಡವಾಯಿತು?

ಗೇಜ್ ಸಣ್ಣದಾದಷ್ಟೂ ತಿರುವು ಬಿಗಿಯಾಗಿರಬಹುದು, ಮಣ್ಣಿನ ಕೆಲಸ ಕಡಿಮೆ, ಸೇತುವೆ ಹಗುರ. ಒಟ್ಟಿನಲ್ಲಿ ಖರ್ಚು ಉಳಿಯುತ್ತೆ. ಬರಗಾಲದ ಬೊಕ್ಕಸಕ್ಕೆ ಅದು ಸರಿಯಾಗಿಯೇ ಇತ್ತು.

ನಷ್ಟ ಎರಡು ಕಡೆ. ಮೊದಲನೆಯದು ವೇಗ. ತಿರುವಿನಲ್ಲಿ ಬೋಗಿ ಹೊರಕ್ಕೆ ಮಗುಚುವ ವೇಗವನ್ನು ಲೆಕ್ಕ ಹಾಕಿ ನೋಡಿ. ಹೊರಹಳಿಯ ಸುತ್ತ ಮೊಮೆಂಟ್ ತೆಗೆದುಕೊಂಡ್ರೆ, ಆ ವೇಗ ಗೇಜಿನ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ. ತಿರುವಿನ ತ್ರಿಜ್ಯ, ಗುರುತ್ವ ಕೇಂದ್ರದ ಎತ್ತರ ಎರಡೂ ಒಂದೇ ಇದ್ದು, ಹಳಿಗೆ ಓರೆ ಕೊಟ್ಟಿಲ್ಲ ಅಂದುಕೊಂಡ್ರೆ, 1676 ಮಿ.ಮೀ. ಬ್ರಾಡ್ ಗೇಜಿನಲ್ಲಿ ಈ ಮಿತಿ ಮೀಟರ್ ಗೇಜಿಗಿಂತ ಸುಮಾರು ಶೇ. 29 ಹೆಚ್ಚು.

ಎರಡನೆಯದು ಗೇಜ್ ಬದಲಾಗುವ ಜಾಗ. ಮದ್ರಾಸಿನಿಂದ ಬೆಂಗಳೂರಿಗೆ ಬರುತ್ತಿದ್ದದ್ದು ಬ್ರಾಡ್ ಗೇಜ್. ಮೈಸೂರಿನ ಕಡೆಗೆ ಮೀಟರ್ ಗೇಜ್. ಹಾಗಾಗಿ ಸರಕನ್ನೆಲ್ಲ ಒಂದು ವ್ಯಾಗನ್ನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. ಇದನ್ನು ತಪ್ಪಿಸಲೆಂದೇ 1992ರಲ್ಲಿ ಯೂನಿಗೇಜ್ ಯೋಜನೆ ಬಂತು. 1990ರ ದಶಕದಲ್ಲಿ ನಮ್ಮ ಮಾರ್ಗವೂ ಬ್ರಾಡ್ ಗೇಜ್ ಆಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ನಮ್ಮ ತಕರಾರು ಬೇರೆ, ಅದಕ್ಕೆ ಆಮೇಲೆ ಬರ್ತೀವಿ.

1000 ಟನ್ ಸರಿದದ್ದು ಹೇಗೆ?

ಜೋಡಿಹಳಿ ಕೆಲಸ ಶ್ರೀರಂಗಪಟ್ಟಣಕ್ಕೆ ಬಂದಾಗ ದಾರಿಗೆ ಅಡ್ಡ ಸಿಕ್ಕಿದ್ದು ಟಿಪ್ಪು ಕಾಲದ ಒಂದು ಮದ್ದಿನಮನೆ. ಇಟ್ಟಿಗೆ, ಸುಣ್ಣದ ಗಾರೆಯ ದಪ್ಪ ಗೋಡೆಗಳ ಶಸ್ತ್ರಾಗಾರ. ಸಂರಕ್ಷಿತ ಸ್ಮಾರಕವಾದ್ದರಿಂದ ಒಡೆಯುವಂತಿಲ್ಲ. ಕೊನೆಗೆ ದೆಹಲಿಯ ಪಿ.ಎಸ್.ಎಲ್. ಎಂಜಿನಿಯರಿಂಗ್ ಮತ್ತು ಅಮೆರಿಕದ ವೂಲ್ಫ್ ಹೌಸ್ ಮೂವರ್ಸ್ ಸೇರಿ, 2017ರ ಮಾರ್ಚ್‌ನಲ್ಲಿ ಅದನ್ನು ಸುಮಾರು 130 ಮೀಟರ್ ದೂರಕ್ಕೆ ಸಾಗಿಸಿ ಕೂರಿಸಿದರು.

ಇಂಥ ಕೆಲಸದ ತತ್ವ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಇಟ್ಟಿಗೆ ಗೋಡೆ ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಒಂದು ಮೂಲೆ ಸ್ವಲ್ಪ ಮೇಲೆದ್ದರೂ ಗೋಡೆ ಬಾಗಿ ಬಿರುಕು ಬಿಡುತ್ತೆ. ಆದ್ದರಿಂದ ಸುತ್ತ ಮಣ್ಣು ಬಿಡಿಸಿ, ಗೋಡೆಯ ಬುಡದಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ಇಡೀ ಕಟ್ಟಡವನ್ನು ಒಂದು ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸುತ್ತಾರೆ. ಆಮೇಲೆ ಜಾಕ್‌ಗಳ ಸರದಿ. ಎಲ್ಲ ಜಾಕ್‌ಗೂ ಒಂದೇ ಕೊಳವೆಯಿಂದ ಎಣ್ಣೆ ಬಿಟ್ಟರೆ, ಎಲ್ಲಿ ಭಾರ ಕಡಿಮೆಯೋ ಅಲ್ಲಿಗೇ ಎಣ್ಣೆ ನುಗ್ಗಿ ಆ ಬದಿ ಮೊದಲು ಏಳುತ್ತೆ. ಹಾಗಾಗದಂತೆ, ಭಾರ ಎಷ್ಟೇ ಇರಲಿ, ಪ್ರತಿ ಜಾಕ್‌ಗೂ ಅಳೆದು ಒಂದೇ ಗಾತ್ರದ ಎಣ್ಣೆ ಕಳಿಸುವ ಯಂತ್ರ ಬಳಸುತ್ತಾರೆ. ಒತ್ತಡ ಬೇರೆ ಬೇರೆ, ಏಳುವ ಎತ್ತರ ಮಾತ್ರ ಒಂದೇ.

ಸರಿಸಲು ಎಷ್ಟು ಬಲ ಬೇಕು? 1000 ಟನ್ ಅಂದ್ರೆ ಸುಮಾರು 9800 ಕಿಲೋನ್ಯೂಟನ್. ಘರ್ಷಣಾಂಕ 0.05 ಅಂತ ಇಟ್ಟುಕೊಳ್ಳಿ. ಆಗ 490 ಕಿಲೋನ್ಯೂಟನ್, ಅಂದ್ರೆ 50 ಟನ್ ತಳ್ಳು ಸಾಕು. ನಿಜವಾದ ಸವಾಲು ಇರೋದು ತಳ್ಳುವುದರಲ್ಲಲ್ಲ, ಸಮವಾಗಿ ಎತ್ತುವುದರಲ್ಲಿ.

ಇದು ಜಗತ್ತಿಗೆ ಹೊಸದೇನಲ್ಲ. 1975ರಲ್ಲಿ ಚೆಕೊಸ್ಲೊವಾಕಿಯಾದ ಮೋಸ್ಟ್ ಊರಿನ ಚರ್ಚನ್ನು ಕಲ್ಲಿದ್ದಲು ಗಣಿಗಾಗಿ ಹಳಿಗಳ ಮೇಲೆ 841 ಮೀಟರ್ ಸಾಗಿಸಿದ್ದರು.

ಯಾವುದು ಉಳಿಯುತ್ತೆ?

ಮದ್ದಿನಮನೆ ಸರಿದ ಅದೇ ಮಾರ್ಚ್ ತಿಂಗಳಲ್ಲಿ ನಾಗಮಂಗಲ ತಾಲ್ಲೂಕಿನ ಮೂಲಕ ಬೆಂಗಳೂರು–ಹಾಸನ ಹೊಸ ಬ್ರಾಡ್ ಗೇಜ್ ಮಾರ್ಗ ಉದ್ಘಾಟನೆಯಾಯಿತು. ಹೊಸದೂ ಬಂತು, ಹಳೆಯದೂ ಉಳಿಯಿತು. ಎರಡೂ ಒಟ್ಟಿಗೆ ಸಾಧ್ಯ ಅನ್ನೋದಕ್ಕೆ ಮಂಡ್ಯ ಜಿಲ್ಲೆಯೇ ಸಾಕ್ಷಿ.

ನಮ್ಮ ತಕರಾರು ಇರೋದು ಇಲ್ಲಿ. ಕೋಟೆ ಸಂರಕ್ಷಿತ ಪಟ್ಟಿಯಲ್ಲಿತ್ತು, ಉಳಿಯಿತು. ಆದರೆ ಬರಗಾಲದ ಕೂಲಿಕಾರರು ಹಾಕಿದ ಮೀಟರ್ ಗೇಜ್ ಯಾವ ಪಟ್ಟಿಯಲ್ಲೂ ಇರಲಿಲ್ಲ. ಇವತ್ತು ಆ ಕಾಲದ ಎಂಜಿನ್, ಬೋಗಿ ನೋಡಬೇಕಂದ್ರೆ 1979ರಲ್ಲಿ ಶುರುವಾದ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ನಿಂತ ಎಂಜಿನ್ ಸಿಗುತ್ತೆ. ಓಡುವ ಮಾರ್ಗ, ಅದನ್ನು ನಡೆಸುವ ಕೈಕೆಲಸ ಸಿಗಲ್ಲ.

ವೇಲ್ಸ್‌ನಲ್ಲಿ ಬೇರೆ ಥರ ಆಯಿತು. ತಾಲಿತ್ಲಿನ್ ಅನ್ನೋ ನ್ಯಾರೋ ಗೇಜ್ ಮಾರ್ಗ 1865ರಿಂದ ಗಣಿಯ ಸ್ಲೇಟ್ ಕಲ್ಲು ಸಾಗಿಸುತ್ತಿತ್ತು. 1950ರಲ್ಲಿ ಅದರ ಮಾಲೀಕರು ತೀರಿಕೊಂಡರು, ಇನ್ನೇನು ಮುಚ್ಚಬೇಕಿತ್ತು. ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತು ಜೊತೆಗಾರರು ಸಂಘ ಕಟ್ಟಿ, 1951ರಿಂದ ತಾವೇ ರೈಲು ಓಡಿಸಿದರು. ಸ್ವಯಂಸೇವಕರೇ ಕೈಗೆತ್ತಿಕೊಂಡು ಉಳಿಸಿದ ಜಗತ್ತಿನ ಮೊದಲ ರೈಲುಮಾರ್ಗ ಅದು. ಹಳಿ ಜೋಡಿಸಿದ್ದು, ಟಿಕೆಟ್ ಕೊಟ್ಟದ್ದು ಎಲ್ಲ ರಜೆಯಲ್ಲಿ ಬಂದ ಸಾಮಾನ್ಯ ಜನ. ಇವತ್ತಿಗೂ ಓಡ್ತಿದೆ.

ನಮ್ಮಲ್ಲೂ ಆಸೆಗೆ ಜಾಗವಿದೆ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ದೇವನಹಳ್ಳಿ, ನಂದಿ ಹಾಲ್ಟ್‌ನಂಥ ಹಳೇ ನಿಲ್ದಾಣಗಳನ್ನು ಇಂಟ್ಯಾಕ್ ಸಂಸ್ಥೆ ದುರಸ್ತಿ ಮಾಡಿಸಿದೆ. ಹಳಿ ಬ್ರಾಡ್ ಗೇಜ್ ಆದರೂ ಕಟ್ಟಡವಾದರೂ ಉಳಿಯಿತಲ್ಲ.

ನಾವೇನು ಮಾಡಬಹುದು?

ಹಳಿ ಹಾಕುವ ಶಕ್ತಿ ನಮಗಿಲ್ಲ, ಸರಿ. ಆದ್ರೆ ಅಳೆಯೋಕೆ, ಬರೆಯೋಕೆ ಕಲಿತಿದ್ದೀವಲ್ಲ. ಸಿವಿಲ್‌ನವರು ಹಳೇ ನಿಲ್ದಾಣ, ಮೋರಿ, ಕ್ವಾರ್ಟರ್ಸ್‌ಗಳ ಅಳತೆ ನಕ್ಷೆ ಮಾಡಬಹುದು. ರೈಲ್ವೆಯ ಅನುಮತಿ ಪಡೆದೇ ಮಾಡಬೇಕು. ಹಳಿ ಮೇಲೆ ನಡೆಯೋದು ಅಪಾಯವೂ ಹೌದು, ಅಪರಾಧವೂ ಹೌದು. ಕಂಪ್ಯೂಟರ್ ಸೈನ್ಸ್‌ನವರು ಹಳೇ ಟಿಕೆಟ್, ವೇಳಾಪಟ್ಟಿ, ಫೋಟೋಗಳನ್ನು ಸ್ಕ್ಯಾನ್ ಮಾಡಿಡಬಹುದು. ಉಳಿದವರು ನಿವೃತ್ತ ಗ್ಯಾಂಗ್‌ಮನ್, ಫೈರ್‌ಮನ್‌ಗಳನ್ನು ಮಾತಾಡಿಸಿ ರೆಕಾರ್ಡ್ ಮಾಡಬಹುದು. ಕಲ್ಲಿದ್ದಲು ಎಂಜಿನ್ನಿಗೆ ಬೆಂಕಿ ಹಾಕಿದ ಕೈಗಳಿಗೆ ಈಗ ವಯಸ್ಸಾಗಿದೆ, ಈ ಕೆಲಸ ಮೊದಲು ಆಗಬೇಕು.

ಮದ್ದಿನಮನೆ ಉಳಿದದ್ದು ಜಾಕ್‌ನಿಂದ ಮಾತ್ರವಲ್ಲ. ಅದಕ್ಕೂ ಎಷ್ಟೋ ವರ್ಷ ಮುಂಚೆ ಯಾರೋ ಅದನ್ನು ಒಂದು ಪಟ್ಟಿಗೆ ಸೇರಿಸಿದ್ದರು. ಆ ಪಟ್ಟಿ ಬರೆಯುವ ಕೆಲಸಕ್ಕೆ ಕೈಜೋಡಿಸುವವರು ಮುಂದಿನ ಸಂಘದ ಸಭೆಗೆ ಬನ್ನಿ. ಯಾವ ಬ್ರಾಂಚ್ ಆದರೂ ಪರವಾಗಿಲ್ಲ.