ಮೂಲ ದೊರೆತ ಮೇಲೆ ಉಳಿಯುವ ಕೆಲಸ

ಕಾಲೇಜಿನ ಮೊದಲ ವರ್ಷದಲ್ಲಿ ಎದುರಾಗುವ ಮಧ್ಯಮ ಹಂತದ ಬೀಜಗಣಿತವು, ಅಂದರೆ ಸರಳ ಸಮೀಕರಣವನ್ನು ದಾಟಿ ವರ್ಗ ಸಮೀಕರಣ, ಕರಣಿ ಮತ್ತು ಅಸಮತೆಗಳವರೆಗೆ ಹೋಗುವ ಭಾಗವು, ಹೊಸ ವಿಷಯದಂತೆ ಕಂಡರೂ ಅದರ ಬಹುಪಾಲು ಪ್ರೌಢಶಾಲೆಯಲ್ಲೇ ಬಂದುಹೋಗಿರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೆ ಪ್ರತ್ಯೇಕ ಪಾಠಕ್ರಮವಿದೆ; 1978ರಲ್ಲಿ ಪ್ಲಸ್ ಟು ಪದ್ಧತಿ, ಅಂದರೆ ಶಾಲೆಯಲ್ಲೇ ಹನ್ನೊಂದು ಮತ್ತು ಹನ್ನೆರಡನೆಯ ತರಗತಿ, ಬಂದ ತಮಿಳುನಾಡಿನಲ್ಲಿ ಇದು ಶಾಲೆಯ ಪಾಲಿನದು, ಕಾಲೇಜು ಇದನ್ನು ಕಲಿತದ್ದೆಂದೇ ಎಣಿಸಿ ಮುಂದಿನ ಪಾಠ ತೆಗೆಯುತ್ತದೆ.

ಅದೇ ತಮಿಳುನಾಡಿನ ನೀಲಗಿರಿಯ ಇತ್ತಲಾರಿನಂಥ ಬಡಗ ಸಮುದಾಯದ ಹಟ್ಟಿಗಳಿಂದ ಉದಕಮಂಡಲದ ಬಸ್ಸು ಹಿಡಿದು, ಅಲ್ಲಿನ ಸರ್ಕಾರಿ ಕಲಾ ಕಾಲೇಜಿಗೋ ಬೇರೆ ಕಾಲೇಜಿಗೋ ಹೋಗುವ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಬಡಗ ಮಾತು, ಶಾಲೆಯಲ್ಲಿ ತಮಿಳು ಅಥವಾ ಇಂಗ್ಲಿಷ್, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್ ಆಗಿರುವುದರಿಂದ, ಗಣಿತದಲ್ಲಿ ಹಿಂದೆ ಬಿದ್ದರೆ ತಪ್ಪು ಭಾಷೆಯ ಮೇಲೆ ಹೋಗುತ್ತದೆ. ಕಲಿತ ಮತ್ತು ಕಲಿಸಿದ ಅನುಭವದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಬೇರೆ: ಕೈಕೊಡುವುದು ಭಾಷೆಗಿಂತ ಹೆಚ್ಚಾಗಿ ಋಣಚಿಹ್ನೆ ಮತ್ತು ಭಿನ್ನರಾಶಿ. ಮೆಟ್ಟುಪಾಳಯದ ಮಂಡಿಗೆ ಹೋದ ಕ್ಯಾರೆಟ್ ಮೂಟೆಯ ಬೆಲೆಯಲ್ಲಿ ಹತ್ತರಲ್ಲೊಂದು ಕಮಿಷನ್ ಮತ್ತು ಲಾರಿ ಬಾಡಿಗೆ ಎರಡನ್ನೂ ಬಾಯಿಲೆಕ್ಕದಲ್ಲೇ ಕಳೆಯಬಲ್ಲ ಹುಡುಗಿ, ಕಾಗದದ ಮೇಲೆ ಆವರಣದ ಹಿಂದೆ ಋಣಚಿಹ್ನೆ ಬಂದೊಡನೆ ಅದನ್ನು ಒಳಗಿನ ಮೊದಲ ಪದಕ್ಕೆ ಮಾತ್ರ ಹಂಚಿ, ಎರಡನೆಯದನ್ನು ಮರೆಯುತ್ತಾಳೆ.

ವರ್ಗ ಸಮೀಕರಣವೆಂದರೆ ಅವ್ಯಕ್ತ ರಾಶಿಯ, ಅಂದರೆ ಬೆಲೆ ತಿಳಿಯದ ಸಂಖ್ಯೆಯ, ವರ್ಗವನ್ನು ಒಳಗೊಂಡ ಸಮೀಕರಣ. ಅವ್ಯಕ್ತಕ್ಕೆ ಹಳೆಯ ಗಣಿತಜ್ಞರ 'ಯಾವತ್ತಾವತ್' ಎಂಬ ಹೆಸರಿನ ಮೊದಲಕ್ಷರದಿಂದ 'ಯ' ಎನ್ನಬಹುದು. ಅಗಲಕ್ಕಿಂತ 10 ಮೀಟರ್ ಹೆಚ್ಚು ಉದ್ದವಿರುವ ಆಯತಾಕಾರದ ಆಲೂಗಡ್ಡೆ ಹೊಲದ ವಿಸ್ತೀರ್ಣ 600 ಚದರ ಮೀಟರ್ ಆದರೆ, ಅಗಲವನ್ನು ಯ ಎಂದುಕೊಂಡಾಗ, ಯ² + 10ಯ = 600; ಎರಡೂ ಕಡೆ 25 ಕೂಡಿಸಿದರೆ ಎಡಭಾಗ (ಯ + 5)² ಆಗಿ, ಬಲಭಾಗ 625 ಆಗುತ್ತದೆ, ಆದ್ದರಿಂದ ಯ 20 ಅಥವಾ −30. ಹೀಗೆ ಬೇಕಾದಷ್ಟನ್ನು ಕೂಡಿಸಿ ಒಂದು ಭಾಗವನ್ನು ಪೂರ್ಣ ವರ್ಗವಾಗಿಸುವುದೇ ವರ್ಗಪೂರಣ. ಯ² + 5ಯ = 14 ಎಂಬಂತೆ ನಡುವಿನ ಗುಣಕ ಬೆಸವಾದರೆ ಭಿನ್ನರಾಶಿ ಬರುತ್ತದೆ, ಅಲ್ಲಿಗೆ ಅರ್ಧ ತರಗತಿ ಪೆನ್ನು ಕೆಳಗಿಡುತ್ತದೆ. ಇದಕ್ಕೆ ಹಳೆಯ ಗಣಿತಜ್ಞ ಶ್ರೀಧರಾಚಾರ್ಯನ ಉಪಾಯ ಈಗಲೂ ಬಳಸತಕ್ಕದ್ದು: ವರ್ಗಪದದ ಗುಣಕದ ನಾಲ್ಕರಷ್ಟರಿಂದ ಎರಡೂ ಭಾಗಗಳನ್ನು ಗುಣಿಸಿ, ನಡುವಿನ ಗುಣಕದ ವರ್ಗವನ್ನು ಕೂಡಿಸಿದರೆ (2ಯ + 5)² = 81 ಎಂದಾಗಿ, ಭಿನ್ನರಾಶಿಯ ಗೊಡವೆಯಿಲ್ಲದೆ 2 ಮತ್ತು −7 ದೊರೆಯುತ್ತವೆ.

ಮೂಲಗಳು, ಅಂದರೆ ಅವ್ಯಕ್ತದ ಬೆಲೆಗಳು, ದೊರೆತಲ್ಲಿಗೆ ಲೆಕ್ಕ ಮುಗಿಯಿತೆಂದು ತಿಳಿಯುವುದು ಈ ಹಂತದ ದೊಡ್ಡ ಭ್ರಮೆ. ಹೊಲದ ಲೆಕ್ಕದ −30 ಸಮೀಕರಣಕ್ಕೆ ಸರಿಯಾದರೂ ಅಗಲವಾಗಿ ಅರ್ಥಹೀನ. √(ಯ + 6) = ಯ ಎಂಬಲ್ಲಿ ಸಂಗತಿ ಇನ್ನೂ ಸೂಕ್ಷ್ಮ: ಎರಡೂ ಭಾಗಗಳನ್ನು ವರ್ಗಿಸಿದರೆ 3 ಮತ್ತು −2 ಬರುತ್ತವೆ, ಆದರೆ −2 ಅನ್ನು ಮೊದಲ ಸಮೀಕರಣದಲ್ಲಿ ಆದೇಶಿಸಿದರೆ ಎಡಗಡೆ 2, ಬಲಗಡೆ −2. ವರ್ಗಿಸುವಾಗ ಧನ ಋಣಗಳ ಭೇದ ಅಳಿಯುವುದರಿಂದ ಮೊದಲು ಇಲ್ಲದ ಮೂಲವೊಂದು ನುಸುಳುತ್ತದೆ; ಅದನ್ನು ಹೊರಗಿನ ಮೂಲವೆನ್ನಬಹುದು. −30 ಅನ್ನು ಬಿಡುವುದು ಸಂದರ್ಭವನ್ನು ನೋಡಿ, −2 ಅನ್ನು ಬಿಡುವುದು ಸಮೀಕರಣವನ್ನೇ ನೋಡಿ. ಈ ಎರಡನ್ನೂ ಒಂದೇ ಎಂದುಕೊಂಡವರು ಋಣಮೂಲ ಕಂಡಲ್ಲೆಲ್ಲ ಹೊಡೆದುಹಾಕಿ ಅಂಕ ಕಳೆದುಕೊಳ್ಳುತ್ತಾರೆ.

ಈ ವಿವೇಚನೆ ಹಳೆಯದು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನ ಬೀಜಗಣಿತವೆಂಬ ಗ್ರಂಥದಲ್ಲಿ ಕಪಿಗಳ ಲೆಕ್ಕವೊಂದಿದೆ: ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆ ಹೊಕ್ಕಿವೆ, ಉಳಿದ ಒಂದು ಕಪಿ ಕೊಂಬೆಯ ಮೇಲಿದೆ. ಮೂಲಗಳು 50 ಮತ್ತು 5. ಐದೂ ಸಮೀಕರಣಕ್ಕೆ ಹೊಂದುತ್ತದೆ, ಆದರೆ ಐದರ ಐದನೆಯ ಭಾಗವಾದ ಒಂದರಲ್ಲಿ ಮೂರನ್ನು ಕಳೆದರೆ ಋಣಸಂಖ್ಯೆಯ ಕಪಿಗಳಾಗುವುದರಿಂದ ಭಾಸ್ಕರನು ಅದನ್ನು ಕೈಬಿಟ್ಟನು. ಇದಕ್ಕೂ ಮೊದಲು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಋಣರಾಶಿಗೆ ವರ್ಗಮೂಲವಿಲ್ಲವೆಂದು ಹೇಳಿದ್ದನು. ಕಾಲ್ಪನಿಕ ಸಂಖ್ಯೆಗಳನ್ನು ಕಲಿಯದ ವಿದ್ಯಾರ್ಥಿ ಯ² + 4 = 0 ಎಂಬುದರ ಮುಂದೆ ನಿಲ್ಲುವುದೂ ಅಲ್ಲಿಯೇ, ಮತ್ತು ಹಾಗೆ ನಿಲ್ಲುವುದು ತಪ್ಪೇನೂ ಅಲ್ಲ.

ಸೂತ್ರವನ್ನು ಉರುಹೊಡೆದು ಪರೀಕ್ಷೆ ದಾಟಬಹುದೆಂಬುದು ನಿಜ, ಅನೇಕರು ದಾಟುತ್ತಾರೆ. ಆದರೆ ಕಲನಶಾಸ್ತ್ರದಲ್ಲಾಗಲಿ ವಾಣಿಜ್ಯ ಗಣಿತದಲ್ಲಾಗಲಿ ಮುಂದೆ ಸಿಕ್ಕಿಬೀಳುವುದು (ಯ + 5)² ಅನ್ನು ಯ² + 25 ಎಂದೂ, (ಯ + 6)/6 ಅನ್ನು ಯ ಎಂದೂ ಬರೆಯುವ ಅಭ್ಯಾಸದಿಂದಲೇ ಹೊರತು ಸೂತ್ರ ಮರೆತದ್ದರಿಂದಲ್ಲ. ಸಂದೇಹ ಬಂದಾಗ ಯ ಇದ್ದಲ್ಲಿ 1 ಇಟ್ಟು ಎರಡೂ ಕಡೆ ನೋಡಿದರೆ, ಮೊದಲ ಉದಾಹರಣೆಯಲ್ಲಿ 36 ಒಂದು ಕಡೆ, 26 ಇನ್ನೊಂದು ಕಡೆ ಬಂದು, ತಪ್ಪು ಒಡನೆಯೇ ಹೊರಬೀಳುತ್ತದೆ. ಪದವಿಗೆ ಸೇರಲಿರುವವರು ಒಂಬತ್ತು ಮತ್ತು ಹತ್ತನೆಯ ತರಗತಿಯ ಗಣಿತ ಪುಸ್ತಕಗಳನ್ನು ಹಳೆಯ ಪೇಪರಿನವರಿಗೆ ಮಾರದೆ, ಕನಿಷ್ಠ ಮೊದಲ ವರ್ಷ ಮುಗಿಯುವವರೆಗಾದರೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು.