ದುರ್ಗದ ಸೀಮೆಗೆ ಎರಡು ರಾತ್ರಿ, ಒಂದೇ ಚೀಲ

ಹೋಂಸ್ಟೇ ಅಂದರೆ ಒಬ್ಬರ ಮನೆ. ಅಲ್ಲಿ ಬಕೆಟ್ಟು, ಕಂಬಳಿ, ಛತ್ರಿ, ತಲೆನೋವಿನ ಮುಲಾಮು ಎಲ್ಲ ಇರುತ್ತವೆ. ಬೆಳಗಾದರೆ ತಿಂಡಿಯೂ ಸಿಗುತ್ತದೆ. ಆದರೂ ನಾವು ವನವಾಸಕ್ಕೆ ಹೊರಟವರಂತೆ ಗಂಟುಮೂಟೆ ಕಟ್ಟುತ್ತೇವೆ. ಹಿರೇಗುಂಟನೂರಿನ ನೆಂಟರ ಮನೆಯಲ್ಲಿ ಉಳಿದು ಚಿತ್ರದುರ್ಗದ ಕೋಟೆ ನೋಡುವವರಿರಲಿ, ಹೊಳಲ್ಕೆರೆ, ಹಿರಿಯೂರು ಕಡೆಯ ತೋಟದ ಮನೆಯಲ್ಲಿ ದುಡ್ಡು ಕೊಟ್ಟು ತಂಗುವವರಿರಲಿ, ಲೆಕ್ಕ ಒಂದೇ: ಮನೆಯಲ್ಲಿ ಇರುವುದನ್ನು ಬಿಡಿ, ಈ ಸೀಮೆಯ ಬಿಸಿಲು, ಬಂಡೆ, ಗಾಳಿ, ಧೂಳಿಗೆ ಬೇಕಾದ್ದನ್ನು ಇಡಿ.

1. ಮೊದಲು ಫೋನು, ಆಮೇಲೆ ಚೀಲ.
ಹೊರಡುವ ಹಿಂದಿನ ದಿನ ಮನೆಯವರಿಗೆ ಫೋನ್ ಮಾಡಿ. "ಅಕ್ಕಾ, ಹೊದಿಯೋಕೆ ಇರುತ್ತಾ? ಟವೆಲ್ ಕೊಡ್ತೀರಾ? ಬಿಸಿನೀರು ಎಷ್ಟೊತ್ತಿಗೆ ಸಿಗುತ್ತೆ?" ಈ ಮೂರು ಪ್ರಶ್ನೆಗೇ ಅರ್ಧ ಚೀಲ ಖಾಲಿಯಾಗುತ್ತದೆ. ಕೇಳಲು ಸಂಕೋಚ ಬೇಡ. ಏನು ಬೇಕು, ಏನು ಬೇಡ ಎಂದು ಮೊದಲೇ ತಿಳಿದರೆ ಅವರಿಗೂ ಅನುಕೂಲ. ಕಂಬಳಿಯ ಚಿಂತೆಯಂತೂ ಬಿಟ್ಟುಬಿಡಿ, ಚಳ್ಳಕೆರೆ ಕಡೆಯ ಕಂಬಳಿ ಹೆಸರಾದ ಜಿಲ್ಲೆ ಇದು.

2. 7 ಕೆ.ಜಿ.ಯ ಒಳಗೆ ಮುಗಿಸಿ.
ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಇರುವ ಮಿತಿ ಇದು. ಎರಡು ರಾತ್ರಿಗೆ ಇದರ ಅರ್ಧವೇ ಸಾಕು. ಗಾಲಿಯ ಸೂಟ್‌ಕೇಸ್ ಹಳ್ಳಿಯ ಮಣ್ಣುದಾರಿಯಲ್ಲಿ ಉರುಳುವುದಿಲ್ಲ. ಬೆನ್ನಿಗೆ ಹಾಕುವ ಚೀಲವನ್ನೇ ತನ್ನಿ.

3. ಎರಡು ಜೊತೆ ಬಟ್ಟೆ, ನಾಲ್ಕು ಕ್ಲಿಪ್ಪು.
ಮೈಮೇಲೆ ಒಂದು ಜೊತೆ, ಚೀಲದಲ್ಲಿ ಒಂದು, ರಾತ್ರಿಗೆ ಒಂದು ಲುಂಗಿಯೋ ನೈಟಿಯೋ. ಇದು ಬಯಲುಸೀಮೆ, ಮಳೆ ಕಮ್ಮಿ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬೇಸಿಗೆಯಲ್ಲಿ ರಾತ್ರಿ ಹಿಂಡಿ ಹಾಕಿದ ಹತ್ತಿ ಅಂಗಿ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಆದರೆ ಅದೇ ಗಾಳಿ ಅಂಗಿಯನ್ನು ಪಕ್ಕದ ಹೊಲಕ್ಕೂ ಹಾರಿಸೀತು, ಅದಕ್ಕೇ ಕ್ಲಿಪ್ಪು. ಜೀನ್ಸ್ ಬೇಡ: ತೂಕ ಹೆಚ್ಚು, ಒಣಗುವುದು ನಿಧಾನ. ಬಿಳಿ ಬಟ್ಟೆಯೂ ಬೇಡ. ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿನ ಗಣಿಗಳಿವೆ, ಆ ಕೆಂಪು ಧೂಳು ಒಂದು ಒಗೆತಕ್ಕೆ ಹೋಗುವುದಲ್ಲ. ಡಿಸೆಂಬರ್, ಜನವರಿಯಾದರೆ ಮಾತ್ರ ಒಂದು ಸ್ವೆಟರ್ ಸೇರಿಸಿ.

4. ಕಾಲಿಗೆ ಒಂದೇ ಜೋಡಿ, ಅದು ಸರಿಯಾಗಿರಲಿ.
ಏಳು ಸುತ್ತಿನ ಕೋಟೆಯಲ್ಲಿ ಹತ್ತುವುದೆಲ್ಲ ಕಲ್ಲೇ. ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳು ಸವೆದು ನುಣುಪಾಗಿವೆ. ತಳ ಸವೆದ ಚಪ್ಪಲಿ ಜಾರುತ್ತದೆ. ಲೇಸಿನ ಶೂ ಹಾಕಿಕೊಂಡರೆ ಹಿಡಿಂಬೇಶ್ವರ, ಏಕನಾಥೇಶ್ವರಿ ಎಂದು ಗುಡಿಗುಡಿಯ ಬಾಗಿಲಲ್ಲೂ ಕೂತು ಬಿಚ್ಚಬೇಕು. ಹಿಂದೆ ಪಟ್ಟಿ ಇರುವ, ತಳ ಗಟ್ಟಿಯಾದ ಸ್ಯಾಂಡಲ್ ಎರಡಕ್ಕೂ ಆಗುತ್ತದೆ.

5. ದೊಡ್ಡ ಚೀಲ ಮನೆಯಲ್ಲೇ ಬಿಡಿ.
ಈ ಒಂದು ಸೂತ್ರವನ್ನು ಮಾತ್ರ ಯಾರೂ ಮರೆಯದಿರಲಿ ಎಂಬುದು ನನ್ನ ಆಸೆ. ತಿರುಗಾಟಕ್ಕೆ ಮಡಚಿಟ್ಟ ಒಂದು ಬಟ್ಟೆಚೀಲ ಸಾಕು: ನೀರು, ಟೋಪಿ, ದುಡ್ಡು, ಸಣ್ಣ ಟಾರ್ಚು. ಓಬವ್ವನ ಕಿಂಡಿಯೊಳಗೆ ನುಸುಳಬೇಕಾದರೆ ಮೈಯನ್ನೇ ಮುದುಡಬೇಕು. ಬೆನ್ನಮೇಲೆ ಉಬ್ಬಿದ ಚೀಲವಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿಯೇ ತೂರಬೇಕಾಯಿತು ಎಂಬ ಕಥೆ ಆ ಕಲ್ಲಿನ ಸಂದಿಯಲ್ಲಿ ಬಗ್ಗಿದಾಗ ಚೆನ್ನಾಗಿ ಅರ್ಥವಾಗುತ್ತದೆ. ಕೋಟೆಯಲ್ಲಿ ಕೋತಿಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ತಿಂಡಿಯೆಂದೇ ತಿಳಿದು ಕಿತ್ತುಕೊಳ್ಳುತ್ತವೆ. ಟಾರ್ಚು ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೂ ಬೇಕು, ಹಳ್ಳಿಯಲ್ಲಿ ರಾತ್ರಿ ಕರೆಂಟ್ ಹೋದಾಗಲೂ ಬೇಕು. ಮರುದಿನ ಹೊಳಲ್ಕೆರೆಯ ಗಣಪತಿಯನ್ನೋ, 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟನ್ನೋ ನೋಡಲು ಹೊರಟರೂ ಇದೇ ಬಟ್ಟೆಚೀಲ.

6. ನೀರಿನ ಪ್ಯಾಕ್ ಹೊರಬೇಡಿ, ಖಾಲಿ ಬಾಟಲಿ ತನ್ನಿ.
ಈ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೇ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಮನೆಯವರು ಕುಡಿಯುವ ನೀರು ಎಲ್ಲಿಂದ ತರುತ್ತಾರೋ ಅಲ್ಲಿಂದಲೇ ಒಂದು ಲೀಟರ್ ತುಂಬಿಸಿಕೊಳ್ಳಿ.

7. ಕುರುಕಲು ತಿಂಡಿ ಬೇಡವೇ ಬೇಡ.
ಬೆಳಗ್ಗೆ ಬಿಸಿ ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ ಸಿಗುವ ಸೀಮೆಗೆ ಚಿಪ್ಸ್ ಪೊಟ್ಟಣ ಹೊತ್ತು ತರುವುದು ನ್ಯಾಯವಲ್ಲ. ಮಧ್ಯಾಹ್ನ ಮುದ್ದೆ ಉಂಡವರಿಗೆ ಸಂಜೆವರೆಗೂ ಹಸಿವಾಗುವುದಿಲ್ಲ.

8. ಮೇಲಿನ ಜೇಬಿನಲ್ಲಿ ಮೂರೇ ವಸ್ತು.
ಗುರುತಿನ ಚೀಟಿ, ಚಾರ್ಜರ್, ನಿಮ್ಮ ದಿನನಿತ್ಯದ ಮಾತ್ರೆ. ಹೋಂಸ್ಟೇಯವರು ಗುರುತಿನ ಚೀಟಿ ಕೇಳುತ್ತಾರೆ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಪ್ರಯಾಣ ಉಚಿತ. ಅಲ್ಲೂ ಅದೇ ಚೀಟಿ ತೋರಿಸಬೇಕು. ಬಿಪಿ, ಶುಗರ್ ಮಾತ್ರೆ ಒಂದು ದಿನದ್ದು ಹೆಚ್ಚಿಗೇ ಇರಲಿ, ರಾತ್ರಿ ಹೊತ್ತು ಹಳ್ಳಿಯಿಂದ ಔಷಧಿ ಅಂಗಡಿಗೆ ಓಡುವುದು ಕಷ್ಟ.

9. ಮಕ್ಕಳ ಚೀಲ ಮಕ್ಕಳೇ ಹೊರಲಿ.
ಹೊರುವವರೇ ಆರಿಸಿದರೆ ಆಟಿಕೆ ತಾನಾಗಿ ಕಮ್ಮಿಯಾಗುತ್ತದೆ.

10. ಕಾಲುಭಾಗ ಖಾಲಿ ಇಟ್ಟೇ ಹೊರಡಿ.
ಮನೆಯವರಿಗೆ ಕೊಡುವ ಹಣ್ಣು, ಹೂವನ್ನು ಬೆಂಗಳೂರಿನಿಂದ ಹೊತ್ತು ತರಬೇಡಿ, ದುರ್ಗದ ಪೇಟೆಯಲ್ಲೇ ಕೊಳ್ಳಿ. ಹೊರಡುವಾಗ ಅವರೂ ನಿಮ್ಮನ್ನು ಬರಿಗೈಲಿ ಕಳಿಸುವುದಿಲ್ಲ. ಹೊಸ ಶೇಂಗಾ, ನಾಲ್ಕು ತೆಂಗಿನಕಾಯಿ, ಕಾಲಕ್ಕೆ ತಕ್ಕಂತೆ ಅವರೆಕಾಯಿ, "ಇಷ್ಟಾದರೂ ತಗೊಂಡು ಹೋಗಿ" ಎಂದು ಕೊಟ್ಟದ್ದನ್ನು ಚೀಲದಲ್ಲಿ ಜಾಗವಿಲ್ಲವೆಂದು ಬಿಟ್ಟು ಬರುವುದು ಅವರ ಮನಸ್ಸಿಗೆ ನೋವು. ಕಾಯಿಯನ್ನು ಚೀಲದ ತಳಕ್ಕೆ ಹಾಕಿ, ಬಟ್ಟೆ ನಡುವೆ, ಶೇಂಗಾ ಮೇಲೆ. ಬಸ್ಸಿನಲ್ಲಿ ಮಕ್ಕಳು ಕೇಳಿದರೆ ಕೈಗೆ ಸಿಗಬೇಕು.